ಕರಾರಿಗೆ ಸಹಿ ಹಾಕುವ ಮೊದಲು

ಚಿ. ಮಾನಸಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ನಾಟಕವನ್ನು ತಂಡವೊಂದು ಒಪ್ಪಿಕೊಂಡಿದೆಯೆಂದು ನಿಮ್ಮ ತಂದೆಯಿಂದ ತಿಳಿದು ಬಹಳ ಸಂತೋಷವಾಯಿತು. ಆದರೆ "ಪ್ರದರ್ಶನವಾದರೆ ಸಾಕು, ಹಣದ ಮಾತು ಆಮೇಲೆ" ಎಂದು ನೀನು ಹೇಳಿದೆಯಂತೆ. ಅದನ್ನು ಕೇಳಿದಾಗಿನಿಂದ ಸ್ಟೀಲ್ ಮೆಕೈ ಎಂಬ ಅಮೆರಿಕದ ನಾಟಕಕಾರನ ವಿಚಾರವೇ ನನ್ನ ತಲೆಯಲ್ಲಿ ಸುಳಿದಾಡುತ್ತಿದೆ.

ಮೆಕೈ 1842ರಲ್ಲಿ ಬಫಲೋ ನಗರದಲ್ಲಿ ಹುಟ್ಟಿದವನು; ಪ್ಯಾರಿಸ್ಸಿನಲ್ಲಿ ಡೆಲ್ಸಾರ್ಟ್ ಎಂಬ ಗುರುವಿನ ಬಳಿ ಅಭಿನಯ ಕಲಿತವನು. 1880ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ಮ್ಯಾಡಿಸನ್ ಸ್ಕ್ವೇರ್ ಥಿಯೇಟರಿನಲ್ಲಿ ಅವನು ಒಂದರ ಮೇಲೊಂದರಂತೆ ಎರಡು ರಂಗವೇದಿಕೆಗಳನ್ನು ಕಟ್ಟಿಸಿದ. ಒಂದರಲ್ಲಿ ಅಂಕ ನಡೆಯುತ್ತಿರುವಾಗಲೇ ಇನ್ನೊಂದರಲ್ಲಿ ಮುಂದಿನ ದೃಶ್ಯದ ಗೋಡೆ, ಮೇಜು, ಕುರ್ಚಿಗಳನ್ನು ಜೋಡಿಸಿಟ್ಟು, ಪರದೆ ಬಿದ್ದೊಡನೆ ಇಡೀ ವೇದಿಕೆಯನ್ನೇ ಲಿಫ್ಟಿನಂತೆ ಸರಿಸಿ, ಒಂದು ನಿಮಿಷದೊಳಗೆ ಹೊಸ ದೃಶ್ಯವನ್ನು ಪ್ರೇಕ್ಷಕರ ಮುಂದೆ ನಿಲ್ಲಿಸುತ್ತಿದ್ದರು. ವಾದ್ಯಗಾರರು ಕೂರುತ್ತಿದ್ದದ್ದು ವೇದಿಕೆಯ ಮೇಲ್ಭಾಗದ ಉಪ್ಪರಿಗೆಯಲ್ಲಿ. ಕಂಪನಿ ನಾಟಕಗಳಲ್ಲಿ ಸೀನು ಬದಲಿಸುವಷ್ಟು ಹೊತ್ತೂ ಹಾಸ್ಯಗಾರ ಪರದೆಯ ಮುಂದೆ ಕಾಲ ಹಾಕುತ್ತಿದ್ದುದನ್ನು ನೋಡಿ ಬೆಳೆದ ನನಗೆ ಇದು ಇಂದಿಗೂ ಸೋಜಿಗವೆನಿಸುತ್ತದೆ, ಆ ಹಾಸ್ಯವೇ ಎಷ್ಟೋ ಸಲ ನಾಟಕಕ್ಕಿಂತ ಸೊಗಸಾಗಿತ್ತೆಂಬುದು ಬೇರೆ ಮಾತು.

ಆ ರಂಗಮಂದಿರದಲ್ಲಿ ಮೊದಲು ಆಡಿದ್ದು ಅವನೇ ಬರೆದ 'ಹೇಜಲ್ ಕರ್ಕ್' ಎಂಬ ನಾಟಕ. ತಂದೆಯ ಕೋಪಕ್ಕೆ ತುತ್ತಾಗಿ ಮನೆಯಿಂದ ಹೊರಬಿದ್ದ ಗಿರಣಿಯವನ ಮಗಳ ಈ ಕಥೆ ಅಲ್ಲಿ ಸತತವಾಗಿ 486 ಪ್ರದರ್ಶನ ಕಂಡಿತು. ಅದನ್ನು ಊರೂರಿಗೆ ಒಯ್ಯಲು ಒಂದಕ್ಕಿಂತ ಹೆಚ್ಚು ತಂಡಗಳು ಹೊರಟವು. ಆದರೆ ಥಿಯೇಟರಿನ ಒಡೆಯರಾದ ಮ್ಯಾಲರಿ ಸಹೋದರರೊಂದಿಗೆ ಅವನು ಮಾಡಿಕೊಂಡಿದ್ದ ಕರಾರಿನ ಪ್ರಕಾರ ಅವನಿಗೆ ಸಲ್ಲಬೇಕಾದದ್ದು ವರ್ಷಕ್ಕೆ 5,000 ಡಾಲರ್ ಸಂಬಳ ಮಾತ್ರ. ನಾಟಕದ ಲಾಭವೆಲ್ಲ ಅವರ ಪಾಲಾಯಿತು. ಆ ಸಹೋದರರು ಚರ್ಚಿನ ಪತ್ರಿಕೆ ನಡೆಸುತ್ತಿದ್ದವರು, ಒಬ್ಬರಂತೂ ಪಾದ್ರಿ. ಅವರನ್ನು ಮೋಸಗಾರರೆನ್ನಲು ನನಗೆ ಮನಸ್ಸಿಲ್ಲ, ಏಕೆಂದರೆ ಕಾಗದದಲ್ಲಿ ಇದ್ದುದನ್ನೇ ಅವರು ಪಡೆದರು. ತನ್ನ ಕನಸಿನ ರಂಗಮಂದಿರ ಎದ್ದುನಿಂತರೆ ಸಾಕೆಂಬ ಆತುರದಲ್ಲಿ ಮೆಕೈ ಸಹಿ ಹಾಕಿದ್ದನೆಂದೇ ನನ್ನ ಎಣಿಕೆ.

ಆಮೇಲೆ ಅವನು ಲೈಸಿಯಂ ಥಿಯೇಟರನ್ನು ತೆರೆದ, ನಟನಾ ಶಾಲೆಗೆ ಅಡಿಪಾಯ ಹಾಕಿದ. 1893ರ ಶಿಕಾಗೋ ವಸ್ತುಪ್ರದರ್ಶನಕ್ಕಾಗಿ ಕೊಲಂಬಸನ ಯಾನವನ್ನು ತೋರಿಸುವ 'ಸ್ಪೆಕ್ಟಟೋರಿಯಂ' ಎಂಬ ದೈತ್ಯ ರಂಗಮಂದಿರಕ್ಕೆ ಕೈಹಾಕಿದಾಗ ದೇಶದಲ್ಲಿ ಹಣಕಾಸಿನ ಮುಗ್ಗಟ್ಟು ತಲೆದೋರಿ, ಅರೆಬರೆ ಎದ್ದ ಕಟ್ಟಡ ಗುಜರಿಗೆ ಹೋಯಿತು. ಮರುವರ್ಷ ರೈಲುಪ್ರಯಾಣದಲ್ಲೇ ಅವನು ತೀರಿಕೊಂಡ. 'ಹೇಜಲ್ ಕರ್ಕ್'ನ ಹಣ ಕೈಸೇರಿದ್ದರೂ ಅದನ್ನು ಸ್ಪೆಕ್ಟಟೋರಿಯಮ್ಮಿಗೇ ಸುರಿಯುತ್ತಿದ್ದನೇನೋ. ಆದರೆ ಸುರಿಯುವ ಹಕ್ಕಾದರೂ ಅವನದಾಗಿರುತ್ತಿತ್ತು.

ಆದ್ದರಿಂದ ಮಗಳೇ, ಕೃತಿಸ್ವಾಮ್ಯ ನಿನ್ನ ಹೆಸರಿನಲ್ಲೇ ಉಳಿಯುತ್ತದೆಯೇ, ಪ್ರತಿ ಪ್ರದರ್ಶನಕ್ಕೆ ಗೌರವಧನ ಎಷ್ಟು, ಪರವೂರಿನ ಪ್ರದರ್ಶನ, ಅನುವಾದ, ಸಿನಿಮಾಗಳಿಗೆ ಬೇರೆ ಒಪ್ಪಂದ ಬೇಕೆಂದು ಬರೆದಿದೆಯೇ, ತಂಡದ ಹಕ್ಕು ಎಷ್ಟು ವರ್ಷಕ್ಕೆ ಮುಗಿಯುತ್ತದೆ ಎಂಬುದನ್ನೆಲ್ಲ ಕೇಳಲು ಸಂಕೋಚಪಡಬೇಡ. ಕರಡಿನ ಒಂದು ಪ್ರತಿಯನ್ನು ನನಗೂ ಕಳುಹಿಸು. ಪರಿಚಯದ ವಕೀಲರೊಬ್ಬರಿಗೆ ತೋರಿಸಿ, ಅವರು ಹೇಳಿದ್ದನ್ನು ನಿನಗೆ ಬರೆದು ತಿಳಿಸುತ್ತೇನೆ.

ಇತಿ,
ನಿನ್ನ ದೊಡ್ಡಪ್ಪ