ಅಚ್ಚಾದ ಪುಟದಲ್ಲಿ ಇಲ್ಲದ ಹೆಸರು

ಥೀಸಿಸ್ ಸಲ್ಲಿಸಿಯಾಯಿತು. ರೆಕ್ಸಿನ್ ಬೈಂಡಿನ ನಾಲ್ಕು ಪ್ರತಿ, ಬೆನ್ನಿನ ಮೇಲೆ ಚಿನ್ನದ ಅಕ್ಷರ. ವಿಷಯ ನಿಮಗೆಲ್ಲ ಬಾಯಿಪಾಠ: ಬೈಬಲಿನ ರೂತಳ ಗ್ರಂಥದ ‘ಹೆಸೆದ್’ ಎಂಬ ಹೀಬ್ರೂ ಪದ, ಕನ್ನಡಕ್ಕೆ ಬಂದಾಗ ಅದು ದಯೆ, ಕೃಪೆ, ಪ್ರೀತಿ ಎಂದು ಹಂಚಿಹೋಗುವ ಬಗೆ. ನಡುವೆ, ಅಪ್ಪ ತೀರಿಕೊಂಡಾಗ, ಕೆಲಸ ನಿಂತಿತ್ತು ಎಂಬುದೂ ಗೊತ್ತು. ಅದನ್ನು ಮತ್ತೆ ಬಿಡಿಸಿ ಹೇಳುವುದಿಲ್ಲ.

ಗೈಡ್, ಗ್ರಂಥಾಲಯದವರು, ಹೀಬ್ರೂ ತರಗತಿಯ ಗೆಳೆಯರು, ಹಾಸ್ಟೆಲ್ಲಿನ ಅಡುಗೆಯ ಅಕ್ಕ, ಊರಿನ ಸಭೆಯವರು, ಎಲ್ಲರಿಗೂ ಕೃತಜ್ಞತೆ. ನಿಮ್ಮ ಹೆಸರುಗಳೆಲ್ಲ ಥೀಸಿಸಿನಲ್ಲೇ ಇವೆ. ಆದರೆ ಆ ಪುಟ ಪ್ರಮಾಣಪತ್ರದ ಜೊತೆ ಒಂದು ದಿನ ಮೊದಲೇ ಅಚ್ಚಾಗಿತ್ತು. ಕೊನೆಯ ರಾತ್ರಿ ಪಕ್ಕದಲ್ಲಿ ಕೂತವರ ಹೆಸರು ಅದರಲ್ಲಿಲ್ಲ. ಈ ಬರಹ ಅವರಿಗಾಗಿ.

ಬೆಂಗಳೂರಿನ ಶಿವಾಜಿನಗರದಲ್ಲಿ, ರಸೆಲ್ ಮಾರ್ಕೆಟಿನಿಂದ ಸ್ವಲ್ಪ ದೂರದ ಗಲ್ಲಿಯಲ್ಲಿ ಅವರ ಡಿಟಿಪಿ ಅಂಗಡಿ. ಉರ್ದು ಮದುವೆ ಕಾರ್ಡು, ರಸೀದಿ ಪುಸ್ತಕ, ಕನ್ನಡ ಕರಪತ್ರ, ಇದೇ ಅವರ ಕಸುಬು. ಹೆಸರು ನೆಟ್ಟಿಗೆ ಹಾಕಬೇಡಿ ಅಂದಿದ್ದಾರೆ. ಭಾಯಿ ಅಂತಲೇ ಬರೆಯುತ್ತೇನೆ.

ಕೆಟ್ಟದ್ದು ಫಾಂಟು. ಮೊದಲ ಎರಡು ಅಧ್ಯಾಯಗಳ ಹೀಬ್ರೂ ಇದ್ದದ್ದು ಹಳೆಯ ಬೈಬಲ್ ತಂತ್ರಾಂಶವೊಂದರ ಫಾಂಟಿನಲ್ಲಿ, ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತವಾದ ಯೂನಿಕೋಡಿನಲ್ಲಲ್ಲ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಅಲ್ಪವಿರಾಮಗಳ ರಾಶಿ. ಹಳೆಯ ಕನ್ನಡ ಫಾಂಟಿನ ಫೈಲು ಬೇರೆಯವರ ಕಂಪ್ಯೂಟರಿನಲ್ಲಿ ಹೇಗೆ ಕಾಣುತ್ತದೆಂದು ನಮ್ಮವರಿಗೆ ಹೇಳಬೇಕಿಲ್ಲ, ಅದೇ ಪಾಡು. ಹೀಬ್ರೂಗೆ ಇನ್ನೊಂದು ತೊಡಕು ಬೇರೆ: ಆ ಫಾಂಟು ಅಕ್ಷರಗಳನ್ನು ಎಡದಿಂದ ಬಲಕ್ಕೆ, ಹಿಂದುಮುಂದಾಗಿ ಕೂಡಿಟ್ಟಿರುತ್ತದೆ. ಯೂನಿಕೋಡಿಗೆ ತಂದ ಮೇಲೂ ಪ್ರತಿ ತುಣುಕಿಗೆ ‘ಬಲದಿಂದ ಎಡಕ್ಕೆ’ ಎಂಬ ಗುರುತು ಹಾಕದಿದ್ದರೆ ಪದಗಳ ಸಾಲು ಅದಲುಬದಲು. ಒಂದೇ ಪದವಾದರೆ ಕಣ್ಣಿಗೆ ಬೀಳುವುದೂ ಇಲ್ಲ. ನಾಲ್ಕು ಪದದ ತುಣುಕು ಸಾಲಿನ ಕೊನೆಯಲ್ಲಿ ಮುರಿದಾಗ ಮೊದಲ ಪದಗಳು ಕೆಳಗಿನ ಸಾಲಿಗೆ ಇಳಿದಿರುತ್ತವೆ.

ಇದನ್ನೆಲ್ಲ ವಿವರಿಸಬೇಕು ಅಂದುಕೊಂಡಿದ್ದೆ. ಭಾಯಿ ಪರದೆ ನೋಡಿ, “ಉಲ್ಟಾ ಹೊಡೆದಿದೆ ಸಾರ್, ಉರ್ದುದಲ್ಲೂ ಹೀಗೇ ಆಗುತ್ತೆ” ಅಂದರು. ಅಷ್ಟೇ. ಹಳೆಯ ಪಿಡಿಎಫ್‌ನ ಪ್ರಿಂಟು ತೆಗೆದು ಎಡಕ್ಕೆ ಇಟ್ಟುಕೊಂಡರು, ಹೊಸದನ್ನು ಬಲಕ್ಕೆ. ಸಾಲಿನ ಕೆಳಗೆ ಸ್ಟೀಲ್ ಸ್ಕೇಲು. 200ಕ್ಕೂ ಹೆಚ್ಚು ತುಣುಕುಗಳು.

ಅವರಿಗೆ ಹೀಬ್ರೂ ಬರುವುದಿಲ್ಲ, ಆಕಾರ ಮಾತ್ರ ನೋಡುತ್ತಿದ್ದರು. ಅದೇ ಒಳ್ಳೆಯದಾಯಿತು. ಭಾಷೆ ಬಲ್ಲ ಕಣ್ಣು ಇರಬೇಕಾದ್ದನ್ನು ಓದಿ ಮುಂದೆ ಹೋಗಿಬಿಡುತ್ತದೆ. ಹೀಬ್ರೂವಿನ ‘ದ’ ಅಕ್ಷರ ದಾಲೆತ್‌ಗೆ ಬಲ ಮೇಲ್ತುದಿಯಲ್ಲಿ ಮೂಲೆ ಚಾಚಿರುತ್ತದೆ, ‘ರ’ ಅಕ್ಷರ ರೇಶ್‌ಗೆ ಅಲ್ಲಿ ದುಂಡು. “ಇಲ್ಲಿ ಮೂಲೆ ಇದೆ, ಇಲ್ಲಿ ಇಲ್ಲ” ಅಂತ ಅವರು ಬೆರಳಿಟ್ಟ ಒಂದು ಕಡೆ ‘ಹೆಸೆದ್’ ಹೋಗಿ ‘ಹೆಸೆರ್’ ಆಗಿತ್ತು. ಹೆಸೆರ್ ಅಂದರೆ ಕೊರತೆ, ಬಡತನ. ಥೀಸಿಸಿನ ಜೀವವೇ ಆ ಪದ. ಪರೀಕ್ಷಕರ ಕೈಯಲ್ಲಿ ನನ್ನ ಗತಿ ಏನಾಗುತ್ತಿತ್ತೋ!

ರಾತ್ರಿ ಎರಡರ ಮೇಲೆ ರೂತಳ 3ನೇ ಅಧ್ಯಾಯದ 5ನೇ ವಚನಕ್ಕೆ (3:5) ಬಂದೆವು. “ಅಕ್ಷರ ಎಲ್ಲಿ ಸಾರ್? ಬರೀ ಜೇರ್ ಜಬರ್ ನೇತಾಡ್ತಾ ಇದೆ.” ಜೇರ್ ಜಬರ್ ಅಂದರೆ ಉರ್ದುವಿನ ಸ್ವರಚಿಹ್ನೆಗಳು. ಅಕ್ಷರ ಇಲ್ಲದ್ದು ತಪ್ಪಲ್ಲ, ಮೂಲವೇ ಹಾಗೆ. ‘ಎಲಾಯ್’, ಅಂದರೆ ‘ನನಗೆ’, ಎಂಬ ಪದವನ್ನು ಅಲ್ಲಿ ಓದಬೇಕು, ಆದರೆ ಬರೆದಿಲ್ಲ. ಹೀಬ್ರೂ ಪಠ್ಯಕ್ಕೆ ಸ್ವರಚಿಹ್ನೆ ಹಾಕಿ ಕಾಪಾಡಿದ ಯೆಹೂದಿ ವಿದ್ವಾಂಸರಾದ ಮಸೋರೆಟರು ಸ್ವರಚಿಹ್ನೆಗಳನ್ನು ಮಾತ್ರ ಸಾಲಿನಲ್ಲಿಟ್ಟು ವ್ಯಂಜನಗಳನ್ನು ಅಂಚಿನಲ್ಲಿ ಬರೆದರು. 3:17ರಲ್ಲೂ ಹಾಗೇ. 3:12ರಲ್ಲಿ ತಿರುಗುಮುರುಗು: ‘ಇಮ್’ ಬರೆದಿದೆ, ಓದಬಾರದು. ಕಂಪ್ಯೂಟರಿಗೆ ಇದು ಒಗ್ಗುವುದಿಲ್ಲ, ಅಕ್ಷರವಿಲ್ಲದ ಚಿಹ್ನೆಗೆ ತಾನೇ ಒಂದು ಚುಕ್ಕಿ ವೃತ್ತ ತಂದು ಕೂರಿಸುತ್ತದೆ. ಮಸೋರಾ, ಅಂದರೆ ಅವರ ಅಂಚಿನ ಟಿಪ್ಪಣಿಯ, ಗುರುತೂ ಪುಟ್ಟ ವೃತ್ತವೇ ಆದ್ದರಿಂದ ಹಾಗೇ ಬಿಡುವಂತಿಲ್ಲ. ಭಾಯಿ ಚಿಹ್ನೆಯ ಮುಂಚೆ ಸಾಲು ಮುರಿಯದ ಖಾಲಿ ಜಾಗ ಒಂದನ್ನು ಹಾಕಿ ಅದರ ಮೇಲೆ ಕೂರಿಸಿದರು, ವೃತ್ತ ಹೋಯಿತು. “ಬರೆದಿಲ್ಲ, ಆದರೂ ಓದ್ತಾರೆ?” ಎಂದು ಎರಡು ಸಲ ಕೇಳಿದರು. ಹೌದು ಭಾಯ್, ಓದುತ್ತಾರೆ.

ಗೈಡ್ ಬಗ್ಗೆ ಒಂದು ಮಾತು ಬಾಕಿ ಇದೆ. ಗ್ರಂಥದ ಮೊದಲ 5 ವಚನಗಳಲ್ಲೇ ಮೂವರು ಸಾಯುತ್ತಾರೆ. 2:20ರಲ್ಲಿ ರೂತಳ ಅತ್ತೆ ನೊವೊಮಿ, ಬದುಕಿದವರಿಗೂ ಸತ್ತವರಿಗೂ ಹೆಸೆದ್ ಬಿಡದವನು ಎನ್ನುತ್ತಾಳೆ. ಹಾಗೆ ಬಿಡದವನು ಯೆಹೋವನೋ ರೂತಳಿಗೆ ನೆರವಾದ ಬಂಧು ಬೋವಜನೋ, ವ್ಯಾಕರಣ ಎರಡಕ್ಕೂ ಎಡೆ ಕೊಡುತ್ತದೆ. ಅಪ್ಪ ತೀರಿಕೊಂಡ ವರ್ಷ ಆ ಸಾಲು ನನ್ನಿಂದ ಓದಲಾಗುತ್ತಿರಲಿಲ್ಲ. ಸತ್ತವರಿಗೆ ಇನ್ನು ಯಾರ ದಯೆ ಕಟ್ಟಿಕೊಂಡು ಏನು ಎಂದು ಮೈ ಉರಿಯುತ್ತಿತ್ತು. “ತೀರ್ಮಾನ ಮಾಡಬೇಡ, ಎರಡೂ ಓದು ಕೊಟ್ಟು ಅಲ್ಲಿಗೇ ನಿಲ್ಲಿಸು” ಅಂದರು ಗೈಡ್. ಹಾಗೇ ನಿಲ್ಲಿಸಿದ್ದೇನೆ. ಉರಿ ಪೂರ್ತಿ ಆರಿಲ್ಲ.

ಈಗ ಬರೆಯುತ್ತಿರುವವರು ಮೊದಲ ದಿನದಿಂದಲೇ ಹೀಬ್ರೂ, ಗ್ರೀಕ್, ಕನ್ನಡ ಮೂರನ್ನೂ ಯೂನಿಕೋಡಿನಲ್ಲಿ ಹೊಡೆಯಿರಿ. ಪ್ರಿಂಟಿಗೆ ವರ್ಡ್ ಫೈಲು ಕೊಡಬೇಡಿ, ಫಾಂಟು ಒಳಗೆ ಸೇರಿಸಿದ ಪಿಡಿಎಫ್ ಕೊಡಿ. ಬೈಂಡಿಗೆ ಎಡ ಅಂಚು ಒಂದೂವರೆ ಇಂಚಾದರೂ ಇರಲಿ. ಕೀರ್ತನೆಗಳ ಮೇಲೆ ಕೆಲಸ ಮಾಡುವವರಿಗೆ ವಚನದ ಸಂಖ್ಯೆಯೂ ಕಾಡುತ್ತದೆ: 51ನೇ ಕೀರ್ತನೆಯ 1ನೇ ವಚನ ಹೀಬ್ರೂವಿನಲ್ಲಿ 3ನೆಯದು, ಅಲ್ಲಿ ತಲೆಬರಹವೂ ಎಣಿಕೆಗೆ ಸೇರುತ್ತದೆ.

ಭಾಯಿ ಪ್ರಿಂಟಿನ ದುಡ್ಡು ಬಿಟ್ಟು ಬೇರೇನೂ ಮುಟ್ಟಲಿಲ್ಲ. ವೈವಾ ಮುಗಿದು ತಿದ್ದಿದ ಪ್ರತಿ ಹಾಕುವಾಗ ಆ ಪುಟಕ್ಕೆ ಒಂದು ಸಾಲು ಸೇರುತ್ತದೆ. ಕಾಗುಣಿತ ತಪ್ಪಬಾರದೆಂದು ಅವರ ಕೈಯಿಂದಲೇ ಹೆಸರು ಬರೆಸಿಕೊಂಡು ಬಂದಿದ್ದೇನೆ, ಉರ್ದುವಿನಲ್ಲೂ ಕನ್ನಡದಲ್ಲೂ.