ಗಣಿತ ದಿನ ವಾರವಿಡೀ ನಡೆಯಲಿ

ಮಾನ್ಯರೇ,

ಶ್ರೀನಿವಾಸ ರಾಮಾನುಜನ್ ಜನ್ಮದಿನವಾದ ಡಿಸೆಂಬರ್ 22ನ್ನು 2012ರಿಂದ ರಾಷ್ಟ್ರೀಯ ಗಣಿತ ದಿನವಾಗಿ ಆಚರಿಸುತ್ತಿದ್ದೇವೆ. ಹಲವು ಶಾಲೆಗಳಲ್ಲಿ ಅದು ಫೋಟೊಗೆ ಹಾರ, ಎರಡು ಭಾಷಣಕ್ಕೆ ಮುಗಿದುಹೋಗುತ್ತದೆ. ಇದನ್ನು ಗಣಿತ–ವಿಜ್ಞಾನ ಸಪ್ತಾಹವಾಗಿ ವಿಸ್ತರಿಸಬೇಕು.

ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಆ ವಾರ ಸೂರ್ಯ ದಕ್ಷಿಣದ ತುದಿಯಲ್ಲಿರುತ್ತಾನೆ. ನಮ್ಮಲ್ಲಿ ನಡುಹಗಲಿನ ನೆರಳು ವರ್ಷದಲ್ಲೇ ಅತಿ ಉದ್ದವಾಗಿರುವುದು ಆಗಲೇ. ಬೆಂಗಳೂರಿನಲ್ಲಿ ಒಂದು ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿದರೆ ಸುಮಾರು 74 ಸೆಂ.ಮೀ. ನೆರಳು ಸಿಗುತ್ತದೆ. ಅದೇ ಹೊತ್ತಿಗೆ ಧ್ವಜಸ್ತಂಭದ ನೆರಳನ್ನೂ ಅಳೆದರೆ, ಏಳನೇ ತರಗತಿಯ ಮಗು ಕಂಬ ಹತ್ತದೆಯೇ ಅದರ ಎತ್ತರ ಹೇಳಬಲ್ಲದು. ಬಳೆ, ತಟ್ಟೆ, ಸೈಕಲ್ ಚಕ್ರಕ್ಕೆ ದಾರ ಸುತ್ತಿ ಅಳೆದು ವ್ಯಾಸದಿಂದ ಭಾಗಿಸಲಿ. ಪ್ರತಿ ಸಲವೂ 3.14ರ ಆಸುಪಾಸಿನ ಸಂಖ್ಯೆಯೇ ಬಂದಾಗ ಮಕ್ಕಳ ಮುಖ ನೋಡಬೇಕು! ಮಕ್ಕಳೇ ತೂಕ, ಅಳತೆ ಮಾಡಿ ಸಂತೆಯಂತೆ ವ್ಯಾಪಾರ ನಡೆಸುವ ಸರ್ಕಾರಿ ಶಾಲೆಗಳ ಮೆಟ್ರಿಕ್ ಮೇಳವನ್ನೂ ಇದೇ ವಾರಕ್ಕೆ ಸೇರಿಸಬಹುದು.

ಅಂಕ, ಬಹುಮಾನ ಮಾತ್ರ ಬೇಡ. ಲೆಕ್ಕವೆಂದರೆ ಹೆದರುವ ಮಕ್ಕಳು ಸ್ಪರ್ಧೆ ಎಂದೊಡನೆ ಹಿಂದಿನ ಸಾಲಿಗೆ ಸರಿದುಬಿಡುತ್ತಾರೆ. ಶಿಕ್ಷಣ ಇಲಾಖೆ ಡಿಸೆಂಬರ್‌ಗೆ ಮುನ್ನವೇ ಈ ಬಗ್ಗೆ ಸುತ್ತೋಲೆ ಹೊರಡಿಸಲಿ.

– ಒಬ್ಬ ಪೋಷಕ, ಬೆಂಗಳೂರು