ಜೀಪು ಕೊಳ್ಳುವ ಮೊದಲು: ಗೆಳೆಯನಿಗೊಂದು ಪತ್ರ

ಬೆಂಗಳೂರು
ಆಷಾಢದ ಒಂದು ಭಾನುವಾರ

ಪ್ರಿಯ ಸದಾಶಿವ,

ನಿನ್ನ ಪತ್ರ ಕೈಸೇರಿ ಹದಿನೈದು ದಿನಗಳಾದವು. ಊರಿನ ಐದಾರು ಹುಡುಗರು ಸೇರಿ ವನ್ಯಜೀವಿಗಳ ರಕ್ಷಣೆಗೊಂದು ತಂಡ ಕಟ್ಟುತ್ತಿದ್ದಾರೆಂದೂ, ಹಳೆಯ ಜೀಪೊಂದನ್ನು ಕೊಳ್ಳಲು ಚಂದಾ ಎತ್ತುತ್ತಿದ್ದಾರೆಂದೂ, ನಾನು ನಾಲ್ಕು ವರ್ಷಗಳಿಂದ ಭಾನುವಾರಗಳಂದು ಇಲ್ಲಿನ ಆರೈಕೆ ಕೇಂದ್ರವೊಂದಕ್ಕೆ ಹೋಗಿಬರುವವನಾದ್ದರಿಂದ ಏನಾದರೂ ಸಲಹೆ ಕೊಡಬೇಕೆಂದೂ ಬರೆದಿದ್ದೀಯೆ. ಕೊನೆಯಲ್ಲಿ, ನಿಮ್ಮ ಅಟ್ಟದ ಮೇಲೆ ಕಬ್ಬೆಕ್ಕಿನ ಮೂರು ಮರಿಗಳಿವೆ, ಹಾಲು ಹಾಕಬಹುದೇ ಎಂದು ಒಂದೇ ಸಾಲಿನಲ್ಲಿ ಕೇಳಿದ್ದೀಯೆ. ಆ ಸಾಲನ್ನು ಓದಿದ ಕೂಡಲೇ ಫೋನ್ ಮಾಡಿ, ‘ಮುಟ್ಟಬೇಡ, ಅಟ್ಟದಿಂದ ಇಳಿದು ಬಾ’ ಎಂದಷ್ಟೇ ಹೇಳಿದ್ದೆ. ಕಾರಣವನ್ನು ಇಂದು ಬರೆಯುತ್ತೇನೆ.

ನಾವು ಏಳನೆಯ ತರಗತಿಯಲ್ಲಿದ್ದಾಗ ಶಾಲೆಯ ಹಿಂದಿನ ಮಾವಿನ ಮರದಿಂದ ಬಿದ್ದ ಅಳಿಲು ಮರಿಯೊಂದನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ತಂದು, ಶಾಯಿ ಹಾಕುವ ಫಿಲ್ಲರನ್ನು ತೊಳೆದು ಹಸುವಿನ ಹಾಲು ಕುಡಿಸಿದ್ದು ನಿನಗೆ ನೆನಪಿರಬೇಕು. ಮರುದಿನ ಬೆಳಿಗ್ಗೆ ಅದು ಸತ್ತುಹೋಗಿತ್ತು, ಮತ್ತು ತಾಯಿಯನ್ನು ಅಗಲಿದ ದುಃಖಕ್ಕೆ ಸತ್ತಿತೆಂದು ನಾವು ಬಹಳ ವರ್ಷ ನಂಬಿದ್ದೆವು. ಅದು ದುಃಖಕ್ಕೆ ಸಾಯಲಿಲ್ಲ, ನಮ್ಮ ಕೈಯಿಂದ ಸತ್ತಿತು ಎಂಬುದು ನನಗೆ ತಿಳಿದದ್ದು ಕೇಂದ್ರಕ್ಕೆ ಹೋಗತೊಡಗಿದ ಮೇಲೆ. ಮೈ ತಣ್ಣಗಾದ ಮರಿಯ ಹೊಟ್ಟೆ ಏನನ್ನೂ ಅರಗಿಸಿಕೊಳ್ಳಲಾರದು. ಮೊದಲು ಅದನ್ನು ಬೆಚ್ಚಗೆ ಮಾಡಬೇಕು, ಅನಂತರ ಮೈಯಲ್ಲಿ ನೀರಿನ ಕೊರತೆಯಿದ್ದರೆ ತುಂಬಬೇಕು, ಆಹಾರವೇನಿದ್ದರೂ ಅದಾದ ಬಳಿಕ. ಕರುವಿಗೆಂದು ಇರುವ ಹಾಲು ಅಳಿಲಿನ ಮರಿಗೆ ಭೇದಿಯನ್ನಷ್ಟೇ ತರುತ್ತದೆ, ಮೇಲಾಗಿ ಅಂಗಾತ ಮಲಗಿಸಿ ಬಾಯಿಗೆ ಹನಿಸಿದ ಹಾಲು ಹೊಟ್ಟೆಯ ಬದಲು ಶ್ವಾಸಕೋಶಕ್ಕೆ ಇಳಿಯುತ್ತದೆ. ನಾವು ಒಂದನ್ನೂ ಬಿಡದೆ ಅಷ್ಟೂ ತಪ್ಪುಗಳನ್ನು ಬಹಳ ಪ್ರೀತಿಯಿಂದ ಮಾಡಿದ್ದೆವು.

ನಿಮ್ಮ ಅಟ್ಟದ ಮರಿಗಳ ಸ್ಥಿತಿ ಅದಕ್ಕಿಂತ ಉತ್ತಮವಾಗಿದೆ, ಏಕೆಂದರೆ ಅವುಗಳಿಗೆ ತಾಯಿಯಿದ್ದಾಳೆ. ಕಬ್ಬೆಕ್ಕು ರಾತ್ರಿ ಸಂಚರಿಸುವ ಪ್ರಾಣಿ. ನೀನು ಹೊತ್ತು ಮುಳುಗಿದ ಮೇಲೆ ದೀಪ ಹಿಡಿದು ಅಟ್ಟ ಹತ್ತಿದಾಗ ಆಕೆ ಹಣ್ಣನ್ನೋ ಇಲಿಯನ್ನೋ ಹುಡುಕಿಕೊಂಡು ಹೋಗಿದ್ದಿರಬೇಕು. ಒಂಟಿಯಾಗಿ ಕಂಡ ಮರಿಗಳೆಲ್ಲ ಅನಾಥವೆಂದು ತಿಳಿಯುವುದೇ ಈ ಕೆಲಸದಲ್ಲಿ ನಾವು ಮಾಡುವ ಮೊದಲ ಮತ್ತು ಅತಿ ದೊಡ್ಡ ತಪ್ಪು. ಮಂಡ್ಯದ ಕಡೆ ಕಬ್ಬು ಕಡಿಯುವಾಗ ಗದ್ದೆಯಲ್ಲಿ ಚಿರತೆಯ ಮರಿಗಳು ಸಿಗುವ ಸುದ್ದಿಯನ್ನು ನೀನೂ ಓದಿರುತ್ತೀಯೆ. ಅವುಗಳಲ್ಲಿ ಕೆಲವು ಚಿರತೆಯವೇ ಅಲ್ಲ, ಕಾಡುಬೆಕ್ಕಿನವು. ಯಾವುದರ ಮರಿಗಳಾದರೂ ಜನ ಎತ್ತಿಕೊಂಡು, ಕೈಯಿಂದ ಕೈಗೆ ದಾಟಿಸಿ, ಚಿತ್ರ ತೆಗೆಸಿಕೊಳ್ಳುತ್ತಾರೆ. ಕೆಲಸ ಬಲ್ಲ ಅರಣ್ಯ ಸಿಬ್ಬಂದಿ ಮಾಡುವುದಾದರೂ ಏನು? ಅದೇ ಮರಿಗಳನ್ನು ಅದೇ ಗದ್ದೆಯ ಅದೇ ಜಾಗದಲ್ಲಿ ಪೆಟ್ಟಿಗೆಯಲ್ಲಿಟ್ಟು, ಜನರನ್ನು ದೂರ ಕಳುಹಿಸಿ, ತಾಯಿ ಬಂದು ಕಚ್ಚಿಕೊಂಡು ಹೋಗುವುದನ್ನು ರಾತ್ರಿಯಿಡೀ ಕಾಯುತ್ತಾರೆ. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲವೆಂಬ ಮಾತನ್ನು ನಮ್ಮ ಅಜ್ಜಿಯೂ ಹೇಳುತ್ತಿದ್ದಳು, ನಿಮ್ಮ ಅಜ್ಜಿಯೂ ಹೇಳಿರಬೇಕು. ಅದನ್ನು ಅವರ ಮೇಲಿನ ಗೌರವದಿಂದ ಕೇಳಿಸಿಕೊಂಡು ಮರೆತುಬಿಡುವುದು ಒಳ್ಳೆಯದು. ಹಕ್ಕಿಗಳ ವಿಷಯದಲ್ಲಿಯೂ ಅದು ನಿಜವಲ್ಲ. ಪುಕ್ಕ ಮೂಡಿರದ ಮರಿ ಕೆಳಗೆ ಬಿದ್ದಿದ್ದರೆ ಗೂಡಿಗೆ ಮರಳಿಸಬಹುದು. ಗೂಡೇ ಮುರಿದಿದ್ದರೆ ತೆಂಗಿನ ನಾರು ಹಾಸಿದ ಒಂದು ಬುಟ್ಟಿಯನ್ನು ಅದೇ ಮರಕ್ಕೆ ಕಟ್ಟಿ ಅದರಲ್ಲಿಡಬಹುದು. ಪುಕ್ಕ ತುಂಬಿ, ಮೋಟು ಬಾಲದಲ್ಲಿ ನೆಲದ ಮೇಲೆ ಕುಪ್ಪಳಿಸುವ ಮರಿ ಹಾರಲು ಕಲಿಯುತ್ತಿರುತ್ತದೆ, ಅದಕ್ಕೆ ಬೇಕಾದದ್ದು ನಿಮ್ಮ ಮನೆಯ ನಾಯಿಯನ್ನು ಒಂದೆರಡು ದಿನ ಕಟ್ಟಿಹಾಕುವ ಉಪಕಾರವೊಂದೇ.

ಇನ್ನು ನನ್ನ ಭಾನುವಾರಗಳ ವಿಷಯ. ಆಷಾಢ ಬಂತೆಂದರೆ ಗಾಳಿ ಏಳುತ್ತದೆ, ಗಾಳಿಯ ಜೊತೆಗೆ ಗಾಳಿಪಟಗಳೂ ಏಳುತ್ತವೆ. ದೊಡ್ಡಬಳ್ಳಾಪುರದಲ್ಲಿ ಗಾಳಿಪಟದ ಹಬ್ಬವೇ ನಡೆಯುತ್ತದೆ. ನಾವು ಹತ್ತಿಯ ದಾರದಲ್ಲಿ ಹಾರಿಸುತ್ತಿದ್ದ ಪಟದಿಂದ ಯಾವ ಹಕ್ಕಿಗೂ ತೊಂದರೆಯಾದುದನ್ನು ನಾನು ಕಂಡಿಲ್ಲ. ಈಗಿನದು ಗಾಜಿನ ಪುಡಿ ಲೇಪಿಸಿದ ನೈಲಾನ್ ಮಾಂಜಾ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರ ಜುಲೈನಲ್ಲಿ ಇದನ್ನು ದೇಶದಾದ್ಯಂತ ನಿಷೇಧಿಸಿತು, ಆದರೆ ನಿಷೇಧವಾದ ವಸ್ತು ಅಂಗಡಿಯ ಮುಂದಿನ ಸಾಲಿನಿಂದ ಹಿಂದಿನ ಸಾಲಿಗೆ ಸರಿದದ್ದಷ್ಟೇ ನನಗೆ ಕಂಡ ಬದಲಾವಣೆ. ನೈಲಾನ್ ಕೊಳೆಯುವುದಿಲ್ಲವಾದ್ದರಿಂದ ಒಂದು ಮಧ್ಯಾಹ್ನದ ಆಟ ಮುಗಿದ ಮೇಲೂ ಅದು ಮರದ ಕೊಂಬೆಗಳ ನಡುವೆ, ವಿದ್ಯುತ್ ತಂತಿಗಳ ನಡುವೆ ತಿಂಗಳುಗಟ್ಟಲೆ ಬಿಗಿದುಕೊಂಡೇ ಇರುತ್ತದೆ. ಹದ್ದು, ಗರುಡ, ಗೂಬೆ, ಬಾವಲಿ ಎಲ್ಲವೂ ಅದಕ್ಕೆ ಸಿಕ್ಕಿಬೀಳುತ್ತವೆ.

ಹದ್ದಿನ ರೆಕ್ಕೆಯ ಮುಂದಿನ ಅಂಚಿನಲ್ಲಿ, ಭುಜದಿಂದ ಮಣಿಕಟ್ಟಿನವರೆಗೆ, ತೆಳ್ಳನೆಯ ಚರ್ಮವೊಂದು ಚಾಚಿಕೊಂಡಿರುತ್ತದೆ. ರೆಕ್ಕೆ ಬಿಚ್ಚಿದಾಗ ಗಾಳಿಯನ್ನು ಸೀಳಿಕೊಂಡು ಹೋಗುವ ಅಂಚು ಅದೇ, ಮತ್ತು ದಾರಕ್ಕೆ ಮೊದಲು ಎದುರಾಗುವುದೂ ಅದೇ. ಹಕ್ಕಿ ಒದ್ದಾಡಿದಷ್ಟೂ ದಾರ ಗರಗಸದಂತೆ ಒಳಗಿಳಿದು, ಚರ್ಮ, ಸ್ನಾಯು, ನರಗಳನ್ನು ಕತ್ತರಿಸಿ ಮೂಳೆಗೆ ಬಂದು ನಿಲ್ಲುತ್ತದೆ. ಹಕ್ಕಿಯನ್ನು ಕಂಡ ಸಹೃದಯರು ಆ ದಾರವನ್ನು ಹಿಡಿದು ಎಳೆಯುತ್ತಾರೆ, ಅದರಿಂದ ಉಳಿದದ್ದೂ ಹರಿಯುತ್ತದೆ. ಮಾಡಬೇಕಾದದ್ದು ಇಷ್ಟು: ತಲೆ ಮುಚ್ಚುವಂತೆ ದಪ್ಪ ಟವೆಲನ್ನು ಹೊದಿಸಿ, ಕೊಕ್ಕಿಗಿಂತ ಉಗುರುಗಳ ಬಗ್ಗೆ ಹೆಚ್ಚು ಎಚ್ಚರದಿಂದಿದ್ದು, ಗಾಯದ ಎರಡು ಬದಿಗಳಲ್ಲಿ ದಾರವನ್ನು ಕತ್ತರಿಸಿ, ಗಾಯದೊಳಗೆ ಸಿಕ್ಕಿಕೊಂಡ ತುಂಡನ್ನು ಹಾಗೆಯೇ ಬಿಟ್ಟು, ಗಾಳಿಯಾಡಲು ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ತರಬೇಕು. ನೀರು ಕುಡಿಸಬಾರದು, ಬ್ರೆಡ್ಡು ತಿನ್ನಿಸಬಾರದು, ದಾರಿಯಲ್ಲಿ ನಾಲ್ಕು ಸಲ ಮುಚ್ಚಳ ತೆಗೆದು ನೋಡಬಾರದು. ಪೆಟ್ಟಿಗೆಯೊಳಗಿನ ಕತ್ತಲು ಮತ್ತು ಮೌನವೇ ಅರ್ಧ ಚಿಕಿತ್ಸೆ.

ಕಳೆದ ವರ್ಷ ಬಸವನಗುಡಿಯ ಕಡೆಯಿಂದ ಬಂದ ಹದ್ದೊಂದರ ಪಂಜರವನ್ನು ತೊಳೆಯುವ ಕೆಲಸ ಆರು ಭಾನುವಾರ ನನ್ನ ಪಾಲಿಗಿತ್ತು. ಹೊಲಿಗೆ ಹಾಕಿದ ರೆಕ್ಕೆ ಮಾಯ್ದ ಮೇಲೆ ಅದನ್ನು ಉದ್ದನೆಯ ಪಂಜರದಲ್ಲಿ ಬಿಟ್ಟು, ಈ ತುದಿಯಿಂದ ಆ ತುದಿಗೆ ಹಾರಿಸಿ ಸ್ನಾಯುಗಳಿಗೆ ಬಲ ಬಂದಿದೆಯೇ ಎಂದು ನೋಡಿ, ಕೊನೆಗೆ ಸಿಕ್ಕಿದ್ದ ಬೀದಿಗೇ ಒಯ್ದು ಬಿಟ್ಟೆವು. ಕೃತಜ್ಞತೆಯ ಯಾವ ಲಕ್ಷಣವನ್ನೂ ತೋರಿಸದೆ ಅದು ತೆಂಗಿನ ಮರವೊಂದರ ಮೇಲೆ ಹೋಗಿ ಕುಳಿತಿತು, ಒಡನೆಯೇ ಎರಡು ಕಾಗೆಗಳು ಬಂದು ಅದನ್ನು ಅಟ್ಟಿಸಿಕೊಂಡು ಹೋದವು. ಅದರ ಪಕ್ಕದ ಪಂಜರದಲ್ಲಿದ್ದ ಇನ್ನೊಂದು ಹಾರಲೇ ಇಲ್ಲ. ಹಾರಲಾರದ ಹಕ್ಕಿಯನ್ನು ಏನು ಮಾಡಬೇಕೆಂದು ವೈದ್ಯರು ತೀರ್ಮಾನಿಸಬೇಕಾದ ದಿನ ಕೇಂದ್ರದಲ್ಲಿ ಯಾರೂ ಹೆಚ್ಚು ಮಾತನಾಡುವುದಿಲ್ಲ. ಅಂಥ ದಿನಗಳೂ ಬರುತ್ತವೆಂದು ನಿನ್ನ ಹುಡುಗರಿಗೆ ಮೊದಲೇ ಹೇಳಿಡು.

ಕಾನೂನಿನ ಮಾತನ್ನೂ ಹೇಳಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 39ನೆಯ ಕಲಮಿನ ಪ್ರಕಾರ ಕಾಯ್ದೆಯ ರಕ್ಷಣೆಯಲ್ಲಿರುವ ಪ್ರಾಣಿ ಸರ್ಕಾರದ ಸ್ವತ್ತು. ಅದು ಯಾರ ಕೈಗೆ ಬಂದರೂ 48 ಗಂಟೆಗಳೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅಧಿಕೃತ ಅಧಿಕಾರಿಗೋ ವರದಿ ಮಾಡಬೇಕು. ಗಾಯಗೊಂಡ ನಕ್ಷತ್ರ ಆಮೆಯನ್ನು ಗುಣಪಡಿಸಿ ಮನೆಯಲ್ಲಿಟ್ಟುಕೊಳ್ಳುತ್ತೇನೆಂಬುದು ಕರುಣೆಯಂತೆ ಕಂಡರೂ ಅಪರಾಧವೇ. ಆದ್ದರಿಂದ ತಂಡಕ್ಕೆ ಹೆಸರಿಡುವ ಮೊದಲು ನಿಮ್ಮ ವಲಯ ಅರಣ್ಯಾಧಿಕಾರಿಗಳನ್ನು ಹೋಗಿ ಕಾಣಿರಿ. ಅವರ ಅರಿವಿಲ್ಲದೆ ಮಾಡಿದ ರಕ್ಷಣೆ ನಾಳೆ ಹುಡುಗರ ಮೇಲೆಯೇ ತಿರುಗಬಹುದು.

ಬೆಂಗಳೂರಿನ ಪಾಠಗಳಷ್ಟೇ ನಿಮಗೆ ಸಾಲವು, ಮಲೆನಾಡಿನ ಕಷ್ಟಗಳು ಬೇರೆ. ನಿನ್ನ ಪತ್ರದಲ್ಲಿ ಕಾಳಿಂಗ ಹಿಡಿಯುವ ತರಬೇತಿಯ ಮಾತು ಎರಡು ಕಡೆ ಬಂದಿದೆ, ನನಗೆ ಭಯವಾದದ್ದು ಅಲ್ಲಿಯೇ. ಪಶ್ಚಿಮ ಘಟ್ಟದ ಕಾಳಿಂಗವು ಪ್ರತ್ಯೇಕ ಪ್ರಭೇದವೆಂದು 2024ರಲ್ಲಿ ಗುರುತಿಸಿದ ವಿಜ್ಞಾನಿಗಳು ಅದಕ್ಕೆ ನಮ್ಮ ಕನ್ನಡದ ಹೆಸರನ್ನೇ ಕೊಟ್ಟು ‘ಓಫಿಯೋಫೇಗಸ್ ಕಾಳಿಂಗ’ ಎಂದು ಕರೆದರು. ಆ ಹೆಮ್ಮೆ ನಮಗಿರಲಿ, ಆದರೆ ಅದನ್ನು ಬಾಲ ಹಿಡಿದೆತ್ತಿ ಮೊಬೈಲಿಗೆ ತೋರಿಸುವ ಹೆಮ್ಮೆ ಬೇಡ. ಆಗುಂಬೆಯಲ್ಲಿ 2005ರಲ್ಲಿ ರೋಮುಲಸ್ ವಿಟೇಕರ್ ಅವರು ಸ್ಥಾಪಿಸಿದ ಮಳೆಕಾಡು ಸಂಶೋಧನಾ ಕೇಂದ್ರ ನಿಮಗೆ ದೂರವಲ್ಲ. ಕಾಳಿಂಗದ ಮೈಯೊಳಗೆ ರೇಡಿಯೋ ಸಾಧನವನ್ನಿಟ್ಟು ಅದರ ಸಂಚಾರವನ್ನು ಹಿಂಬಾಲಿಸಿದವರು ಅವರು, ಹುಡುಗರನ್ನು ಕರೆದುಕೊಂಡು ಹೋಗಿ ಅವರ ಮಾತು ಕೇಳಿಸು. ಮನೆಯೊಳಗೆ ಬಂದ ಕಾಳಿಂಗ ಬಹುತೇಕ ಕೇರೆಯನ್ನು ಬೆನ್ನಟ್ಟಿಯೋ, ಬೇಸಿಗೆಯಲ್ಲಾದರೆ ಹೆಣ್ಣನ್ನು ಹುಡುಕಿಕೊಂಡೋ ಬಂದಿರುತ್ತದೆ. ದಾರಿ ಬಿಟ್ಟರೆ ತಾನಾಗಿ ಹೊರಟುಹೋಗುತ್ತದೆ. ಹೋಗದಿದ್ದಾಗ ಬಲ್ಲವರನ್ನು ಕರೆಸಿ, ಹಿಡಿದದ್ದನ್ನು ಆದಷ್ಟು ಸಮೀಪದಲ್ಲಿಯೇ ಬಿಡಿಸಬೇಕು, ಏಕೆಂದರೆ ಪರಿಚಿತ ನೆಲೆಯಿಂದ ದೂರ ಒಯ್ದು ಬಿಟ್ಟ ಹಾವು ಅಡಗುತಾಣ ತಿಳಿಯದೆ ಅಲೆದಾಡುತ್ತದೆ. ನಿಮ್ಮ ತೋಟದ ಅಂಚಿನಲ್ಲಿ ದರಗನ್ನು ಗುಡ್ಡೆ ಹಾಕಿ ಕಟ್ಟಿದ ಗೂಡು ಕಂಡರೆ ಈ ತಿಂಗಳು ಆ ಕಡೆ ಸೊಪ್ಪು ಕೊಯ್ಯಲು ಯಾರನ್ನೂ ಕಳುಹಿಸಬೇಡ. ಹಾವುಗಳಲ್ಲಿ ಗೂಡು ಕಟ್ಟುವುದು ಕಾಳಿಂಗವೊಂದೇ, ಮಳೆಯ ನಡುವೆಯೇ ಅದರ ಮೊಟ್ಟೆಗಳು ಒಡೆಯುತ್ತವೆ.

ಮಂಗಗಳ ವಿಷಯದಲ್ಲಿ ಇನ್ನೂ ಹೆಚ್ಚು ಕಟ್ಟುನಿಟ್ಟು ಬೇಕು. ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ ಇಂದಿಗೂ ನಿಮ್ಮನ್ನು ಬಿಟ್ಟಿಲ್ಲ. ಸತ್ತ ಮಂಗವನ್ನು ಹನುಮಂತನೆಂದು ಹೂ ಹಾಕಿ ಹೊತ್ತು ಮಣ್ಣು ಮಾಡುವ ನಮ್ಮ ಜನರ ಭಕ್ತಿ ದೊಡ್ಡದು, ಆದರೆ ಮೈ ತಣ್ಣಗಾಗುತ್ತಿದ್ದಂತೆ ಅದನ್ನು ಬಿಟ್ಟು ಹೊರಬರುವ, ಈ ಕಾಯಿಲೆಯನ್ನು ಹರಡುವ ಉಣುಗುಗಳಿಗೆ ಆ ಭಕ್ತಿ ತಿಳಿಯದು. ಮಳೆ ನಿಂತ ಮೇಲಿನಿಂದ ಮುಂದಿನ ಮಳೆಯವರೆಗೆ ತೋಟದಲ್ಲಿ ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಸುಳಿಯದೆ ಆರೋಗ್ಯ ಕೇಂದ್ರಕ್ಕೂ ಅರಣ್ಯ ಇಲಾಖೆಗೂ ತಿಳಿಸಿ.

ಜೀಪಿನ ವಿಷಯಕ್ಕೆ ಬರುತ್ತೇನೆ. ಬೇಡವೆನ್ನುವುದು ನನ್ನ ಅಭಿಪ್ರಾಯ. ರಕ್ಷಣೆಯೆಂಬುದು ಒಂದು ದಿನದ ಕೆಲಸ, ಆರೈಕೆ ವರ್ಷಗಳದು, ಹಣವೆಲ್ಲ ಹೋಗುವುದು ಎರಡನೆಯದಕ್ಕೆ. ಬನ್ನೇರುಘಟ್ಟದ ಕರಡಿ ಕೇಂದ್ರವನ್ನೇ ನೋಡು: ಬೀದಿಯಲ್ಲಿ ಕುಣಿಸುತ್ತಿದ್ದ ಕರಡಿಗಳಲ್ಲಿ ಕೊನೆಯದು ಅಲ್ಲಿಗೆ ಬಂದದ್ದು 2009ರ ಡಿಸೆಂಬರಿನಲ್ಲಿ. ಮೂತಿಗೆ ಹಗ್ಗ ಪೋಣಿಸಿಕೊಂಡು, ಹಲ್ಲು ಕೀಳಿಸಿಕೊಂಡು ಬೆಳೆದ ಅಂಥ ಕರಡಿಗಳನ್ನು ಕಾಡಿಗೆ ಬಿಡುವಂತಿಲ್ಲ, ಅವು ಬದುಕಿರುವಷ್ಟು ಕಾಲ ಯಾರಾದರೂ ಗಂಜಿ ಬೇಯಿಸುತ್ತಲೇ ಇರಬೇಕು. ಕೆಂಗೇರಿಯ ಬಳಿ 1996ರಿಂದ ನಡೆಯುತ್ತಿರುವ ಪೀಪಲ್ ಫಾರ್ ಅನಿಮಲ್ಸ್‌ನ ವನ್ಯಜೀವಿ ಆಸ್ಪತ್ರೆಯಂಥ ಕಡೆಗಳಲ್ಲಿ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರಷ್ಟೇ ಮುಖ್ಯರು ಮಾಂಸ ಕತ್ತರಿಸುವವರು, ಪಂಜರ ಉಜ್ಜುವವರು, ಹಳೆಯ ಪತ್ರಿಕೆ ಮತ್ತು ಟವೆಲು ತಂದುಕೊಡುವವರು. ಗಾಯಗೊಂಡ ಪ್ರಾಣಿಯನ್ನು ಹತ್ತಿರದ ಪಶುವೈದ್ಯರಲ್ಲಿಗೆ ತಲುಪಿಸಲು ನಿಮ್ಮೂರಿನ ಆಟೋ ಸಾಕು.

ಉಳಿದ ಹಣಕ್ಕೂ ಹುಡುಗರ ಕಾಲಿನ ಬಲಕ್ಕೂ ಬೇರೆ ಕೆಲಸವಿದೆ. ಹಂದಿಗೆಂದು ಬೇಲಿಯುದ್ದಕ್ಕೂ ಕಟ್ಟುವ ತಂತಿಯ ಉರುಳುಗಳಿಗೆ ಚಿರತೆಗಳೂ ಸಿಕ್ಕಿ ನರಳಿ ಸಾಯುತ್ತವೆ. ತಿಂಗಳಿಗೊಮ್ಮೆ ಅರಣ್ಯ ಸಿಬ್ಬಂದಿಯೊಡನೆ ಬೇಲಿಯ ಜಾಡು ಹಿಡಿದು ನಡೆದು ಆ ಉರುಳುಗಳನ್ನು ಕಿತ್ತುಹಾಕಿದರೆ, ಅರಿವಳಿಕೆ ಬಂದೂಕು ಬರುವ ತನಕ ನೂರು ಜನ ಸುತ್ತ ನಿಂತು ಕೂಗುವ ದೃಶ್ಯವನ್ನು ನೋಡಬೇಕಾಗಿ ಬರುವುದಿಲ್ಲ. ಕಟ್ಟೆಯಿಲ್ಲದ ಹಳೆಯ ಬಾವಿಗಳನ್ನು ಎಣಿಸಿ, ಒಂದೊಂದಾಗಿ ಕಟ್ಟೆ ಕಟ್ಟಿಸಿ. ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡಗಳಿಗೆ ನೀರು ಕುಡಿಯಲು ಇಳಿದ ಪ್ರಾಣಿಗಳು ಜಾರಿ ಮೇಲೇರಲಾಗದೆ ಮುಳುಗುತ್ತವೆ. ದಡದ ಗೂಟಕ್ಕೆ ಕಟ್ಟಿ ಒಳಗೆ ಇಳಿಬಿಟ್ಟ ಗಂಟು ಹಾಕಿದ ಹಗ್ಗದ ಬಲೆಯೊಂದು ಅವುಗಳಿಗೆ ಏಣಿಯಾಗುತ್ತದೆ. ಇದರಲ್ಲಿ ಯಾವುದೂ ಪತ್ರಿಕೆಯಲ್ಲಿ ಚಿತ್ರವಾಗಿ ಬರುವಂಥದ್ದಲ್ಲ, ಆದ್ದರಿಂದ ಆರು ತಿಂಗಳಿನಲ್ಲಿ ನಿನ್ನ ಐದಾರು ಹುಡುಗರು ಮೂರೋ ನಾಲ್ಕೋ ಆಗಬಹುದು. ಉಳಿದವರಿಂದಲೇ ತಂಡ ಆರಂಭವಾಯಿತೆಂದು ತಿಳಿ.

ದೀಪಾವಳಿಗೆ ಊರಿಗೆ ಬರುವಾಗ ಎರಡು ಜೊತೆ ಚರ್ಮದ ಕೈಗವಸುಗಳನ್ನು ತರುತ್ತೇನೆ. ರಟ್ಟಿನ ಪೆಟ್ಟಿಗೆಗಳನ್ನು ನಿಮ್ಮ ಶೆಟ್ಟರ ಅಂಗಡಿಯಲ್ಲಿ ಈಗಿನಿಂದಲೇ ಎತ್ತಿಡಿಸು. ಅಟ್ಟದ ಮರಿಗಳನ್ನು ತಾಯಿ ಬೇರೆಡೆಗೆ ಸಾಗಿಸಿದಳೇ, ಇಲ್ಲವೇ ಎಂಬುದನ್ನು ಮಾತ್ರ ಬೇಗ ತಿಳಿಸು. ಆದರೆ ತಿಳಿಯುವ ಸಲುವಾಗಿ ದಿನವೂ ಅಟ್ಟ ಹತ್ತಬೇಡ, ರಾತ್ರಿ ಹೆಂಚಿನ ಮೇಲೆ ಹೆಜ್ಜೆಯ ಸದ್ದು ಕೇಳಿಸುತ್ತಿದೆಯೇ ಎಂದು ಅತ್ತಿಗೆಯವರನ್ನು ಕೇಳು, ಅವರಿಗೆ ಗೊತ್ತಿರುತ್ತದೆ.

ನಿನ್ನ ಗೆಳೆಯ,
ರಾಘವೇಂದ್ರ